ವರ್ಚುವಲ್ ನೆಟ್‌ವರ್ಕ್‌ನ ಸಬ್‌ನೆಟ್‌ಗಳನ್ನು ಹೊರಗೆ ಸಾರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಎಂಗಳು (ಒಂದು ಯಂತ್ರದೊಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳು) ಕೂತಿರುವ ಸಬ್‌ನೆಟ್‌ಗಳನ್ನು, ಅಂದರೆ ಐಪಿ ವಿಳಾಸಗಳ ಗುಂಪುಗಳನ್ನು, ಬಿಜಿಪಿ ಅಥವಾ ಒಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಎರಡು ಪ್ರೋಟೋಕಾಲ್‌ಗಳು) ಮೂಲಕ ಹೊರಗಿನ ರೂಟರ್‌ಗೆ ತಿಳಿಸುವ ಬಗ್ಗೆ ಮಾತಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು, ಬೇರೆ ದಾರಿ ಇಲ್ಲ.

## ಶುರುವಿನ ಪ್ರಶ್ನೆಗಳು

ಸಬ್‌ನೆಟ್ ಅಡ್ವರ್ಟೈಸ್ ಮಾಡೋದು ಅಂದ್ರೆ ನಿಜಕ್ಕೂ ಏನು?

ಡಂಗುರ ಸಾರಿದ ಹಾಗೆ. ನಿಮ್ಮ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ತಂತ್ರಾಂಶ) ಒಳಗೆ 10.20.5.0/24 ಅನ್ನುವ ಸಬ್‌ನೆಟ್ ಇದೆ ಅಂದುಕೊಳ್ಳಿ. /24 ಅಂದರೆ ವಿಳಾಸದ ಮೊದಲ 24 ಬಿಟ್ ಸಬ್‌ನೆಟ್‌ನ ಗುರುತು; ಈ ಸಂಖ್ಯೆ ದೊಡ್ಡದಾದಷ್ಟೂ ಸಬ್‌ನೆಟ್ ಚಿಕ್ಕದು. ಅದರಲ್ಲಿ ನಲವತ್ತು ವಿಎಂ ಓಡುತ್ತಿವೆ. ಇದು ನಿಮಗೆ ಗೊತ್ತು, ಹೈಪರ್‌ವೈಸರ್‌ಗೆ ಗೊತ್ತು. ಆದರೆ ಹೊರಗಿನ ರೂಟರ್‌ಗೆ ಇಂಥದ್ದೊಂದು ಸಬ್‌ನೆಟ್ ಇದೆ ಅನ್ನುವುದೇ ಗೊತ್ತಿಲ್ಲ. "ಈ ವಿಳಾಸಕ್ಕೆ ಹೋಗುವ ಪ್ಯಾಕೆಟ್‌ಗಳನ್ನು ನನ್ನ ಕಡೆ ಕಳಿಸಿ" ಅಂತ ಅದಕ್ಕೆ ಹೇಳುವುದೇ ಸಾರುವುದು. ಅದು ತನ್ನ ಪಕ್ಕದ ರೂಟರ್‌ಗೆ ಹೇಳುತ್ತದೆ, ಅದು ಇನ್ನೊಂದಕ್ಕೆ.

ಇಲ್ಲಿ ಒಂದು ಮಾತು ನೆನಪಿಡಿ. ಸಾರಿದ್ದು ಬರೀ ಸುದ್ದಿ. ಪ್ಯಾಕೆಟ್ ಬಂದ ಮೇಲೆ ಅದನ್ನು ವಿಎಂಗೆ ಮುಟ್ಟಿಸುವುದು ಬೇರೆ ಕೆಲಸ. ವಿಎಂ ಕೊಟ್ಟ ಉತ್ತರ ವಾಪಸ್ ಹೋಗುವುದು ಇನ್ನೊಂದು ಕೆಲಸ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಈ ಮೂರನ್ನೂ ಒಂದೇ ಅಂದುಕೊಂಡಿದ್ದರಿಂದ ಹುಟ್ಟಿದವು.

ನನ್ನ ಹತ್ರ ಇರೋದೇ ನಾಲ್ಕು ಸಬ್‌ನೆಟ್. ಸ್ಟ್ಯಾಟಿಕ್ ರೂಟ್ ಸಾಕಲ್ವಾ?

ಒಂದೇ ಹೈಪರ್‌ವೈಸರ್, ನಾಲ್ಕು ಸಬ್‌ನೆಟ್, ವರ್ಷಕ್ಕೊಮ್ಮೆ ಬದಲಾವಣೆ ಅಂದರೆ ಸ್ಟ್ಯಾಟಿಕ್ ರೂಟ್, ಅಂದರೆ ಕೈಯಿಂದ ಬರೆದಿಟ್ಟ ದಾರಿ, ಧಾರಾಳವಾಗಿ ಸಾಕು. ಸುಮ್ನೆ ಬಿಜಿಪಿ ಹಾಕಿ ತಲೆನೋವು ತಂದುಕೊಳ್ಳಬೇಡಿ.

ಕಷ್ಟ ಶುರುವಾಗುವುದು ಎರಡನೇ ಹೋಸ್ಟ್ (ವಿಎಂಗಳನ್ನು ಹೊತ್ತ ಯಂತ್ರ) ಬಂದಾಗ. ಮೊದಲನೆಯದು ಬಿದ್ದು ವಿಎಂಗಳು ಎರಡನೆಯದಕ್ಕೆ ಹೋದರೂ ಸ್ಟ್ಯಾಟಿಕ್ ರೂಟ್ ಹಳೇ ಮನೆಯ ಬಾಗಿಲನ್ನೇ ತೋರಿಸುತ್ತಿರುತ್ತದೆ. ಮುಂದಿನ ವಿಳಾಸ ಸತ್ತಿದೆಯೋ ಬದುಕಿದೆಯೋ ಅದಕ್ಕೆ ತಿಳಿಯುವುದಿಲ್ಲ. ಹೊಸ ಸಬ್‌ನೆಟ್ ಮಾಡಿದಾಗಲೆಲ್ಲ ನೆಟ್‌ವರ್ಕ್ ತಂಡಕ್ಕೆ ಟಿಕೆಟ್ ಹಾಕಿ ಕಾಯುತ್ತಿದ್ದೀರಿ ಅಂದರೆ ಡೈನಾಮಿಕ್ ರೂಟಿಂಗ್‌ಗೆ ಹೊತ್ತು ಬಂದಿದೆ ಅಂತಲೇ ಅರ್ಥ.

ಬಿಜಿಪಿ ಇಂಟರ್ನೆಟ್‌ಗೆ ಅಲ್ವಾ? ಒಳಗಡೆ ಒಎಸ್‌ಪಿಎಫ್ ಹಾಕಿದ್ರೆ ಆಗಲ್ವಾ?

ಆಗುತ್ತದೆ. ಆದರೆ ವರ್ಚುವಲ್ ನೆಟ್‌ವರ್ಕ್‌ನ ಅಂಚಿನಲ್ಲಿ ನಾನು ಬಿಜಿಪಿಯನ್ನೇ ಆರಿಸುತ್ತೇನೆ. ಒಎಸ್‌ಪಿಎಫ್ ಪಕ್ಕದವರನ್ನು ಹುಡುಕುವುದು 224.0.0.5 ಅನ್ನುವ ಮಲ್ಟಿಕ್ಯಾಸ್ಟ್ ವಿಳಾಸಕ್ಕೆ ಹಲೋ ಕಳಿಸಿ, ಅದೂ ಟಿಸಿಪಿ ಯುಡಿಪಿ ಎರಡೂ ಅಲ್ಲದ 89ನೇ ಪ್ರೋಟೋಕಾಲ್‌ನಲ್ಲಿ. ವರ್ಚುವಲ್ ಸ್ವಿಚ್‌ಗಳು, ಸೆಕ್ಯುರಿಟಿ ಗ್ರೂಪ್‌ಗಳು ಇದನ್ನು ಎಷ್ಟೋ ಕಡೆ ಸದ್ದಿಲ್ಲದೆ ನುಂಗುತ್ತವೆ. ಬಿಜಿಪಿಗೆ ಟಿಸಿಪಿ 179 ಒಂದು ತೆರೆದರೆ ಮುಗಿಯಿತು.

ಇನ್ನೊಂದು ಕಾರಣ ಹಿಡಿತ. ಒಎಸ್‌ಪಿಎಫ್‌ನಲ್ಲಿ ಒಂದು ಏರಿಯಾದ ಎಲ್ಲರ ಹತ್ತಿರವೂ ಒಂದೇ ನಕ್ಷೆ ಇರಬೇಕು, ಹಾಗಾಗಿ ನಡುವೆ ಸೋಸುವುದು ಕಷ್ಟ. ಬಿಜಿಪಿಯಲ್ಲಿ ಪ್ರತಿ ಪೀರ್‌ಗೂ (ಮಾತಾಡುವ ಎದುರಿನ ರೂಟರ್‌ಗೂ) ಏನು ಹೇಳಬೇಕು, ಯಾರಿಂದ ಏನು ಕೇಳಬೇಕು ಅಂತ ಬೇರೆ ಬೇರೆ ಗೆರೆ ಎಳೆಯಬಹುದು. ವಿಎಂ ತಂಡ ಒಂದು, ನೆಟ್‌ವರ್ಕ್ ತಂಡ ಇನ್ನೊಂದು ಇರುವಲ್ಲಿ ಈ ಗೆರೆ ಬೇಕೇ ಬೇಕು. ಬಿಜಿಪಿ 1989ರಲ್ಲಿ ಇಂಟರ್ನೆಟ್‌ಗೆಂದು ಹುಟ್ಟಿದ್ದು ನಿಜ. ಆದರೆ ದೊಡ್ಡ ಡೇಟಾ ಸೆಂಟರ್‌ಗಳ ಒಳಗೆ ಅದನ್ನು ಬಳಸುವ ಬಗೆಯನ್ನು ವಿವರಿಸುವ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಜ್ಞರ ದಾಖಲೆ) 7938 ಬಂದು 2016ಕ್ಕೇ ಆಯಿತು.

ಎಎಸ್ ನಂಬರ್ ಎಲ್ಲಿಂದ ತರಲಿ? ಯಾರಿಗಾದ್ರೂ ಅರ್ಜಿ ಹಾಕ್ಬೇಕಾ?

ಎಎಸ್ ನಂಬರ್ ಅಂದರೆ ಬಿಜಿಪಿಯಲ್ಲಿ ಒಂದೇ ಆಡಳಿತದ ನೆಟ್‌ವರ್ಕ್‌ಗೆ ಇರುವ ಗುರುತಿನ ಸಂಖ್ಯೆ. ಒಳಗಿನ ಬಳಕೆಗೆ ಅರ್ಜಿ ಬೇಡ. 64512ರಿಂದ 65534ರವರೆಗೆ ಖಾಸಗಿಗೆ ಬಿಟ್ಟಿದ್ದಾರೆ. ಅದು ಸಾಲದಿದ್ದರೆ 4200000000ರಿಂದ 4294967294ರವರೆಗೆ ಇನ್ನೊಂದು ಸಾಲು ಇದೆ. ಒಂದೇ ಎಚ್ಚರಿಕೆ: ಬೇರೆಯವರ ಡಿಫಾಲ್ಟ್ ನಂಬರ್ ಮೇಲೆ ಕಾಲಿಡಬೇಡಿ. ಕಂಟೇನರ್ ನೆಟ್‌ವರ್ಕ್ ತಂತ್ರಾಂಶ ಕ್ಯಾಲಿಕೋದ ಡಿಫಾಲ್ಟ್ 64512, ಅಮೆಜಾನ್ ಕಡೆಯ ಗೇಟ್‌ವೇಯ ಡಿಫಾಲ್ಟ್ ಕೂಡ 64512. ಅಜೂರ್ ವಿಪಿಎನ್ ಗೇಟ್‌ವೇಯದು 65515. ಮುಂದೊಂದು ದಿನ ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಕೆಲಸ ಬಂದೇ ಬರುತ್ತದೆ.

ವಿಎಂಗಳು ನ್ಯಾಟ್ ಹಿಂದೆ ಇವೆ. ಆ ಸಬ್‌ನೆಟ್ ಸಾರಬೇಕಾ?

ಬೇಡ. ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಇದ್ದರೆ ಹೊರಗಿನವರಿಗೆ ಕಾಣುವುದು ಹೋಸ್ಟ್‌ನ ವಿಳಾಸ ಮಾತ್ರ. ಸಾರುವುದು ಅಂತ ತೀರ್ಮಾನ ಮಾಡಿದರೆ ನ್ಯಾಟ್ ತೆಗೆಯಿರಿ. ಎರಡನ್ನೂ ಇಟ್ಟುಕೊಂಡರೆ ಒಳಬರುವ ದಾರಿಯಲ್ಲಿ ಒಂದು ವಿಳಾಸ, ವಿಎಂ ತಾನಾಗಿ ಹೊರಟಾಗ ಇನ್ನೊಂದು ವಿಳಾಸ. ಫೈರ್‌ವಾಲ್ ಲಾಗ್ ಓದುವವರು ನಿಮ್ಮನ್ನು ಶಪಿಸುತ್ತಾರೆ.

## ಕಾನ್ಫಿಗರ್ ಮಾಡಲು ಕೂತಾಗ

ಒಂದು ಚಿಕ್ಕ ಉದಾಹರಣೆ ಪೂರ್ತಿ ತೋರಿಸ್ತೀರಾ? ಎಲ್ಲ ಕಡೆ ತುಂಡು ತುಂಡೇ ಸಿಗುತ್ತೆ.

ಲಿನಕ್ಸ್ ಹೋಸ್ಟ್ ಮೇಲೆ ಎಫ್‌ಆರ್‌ಆರ್ ಅನ್ನುವ ರೂಟಿಂಗ್ ತಂತ್ರಾಂಶ ಇಟ್ಟುಕೊಳ್ಳೋಣ. ಇದು ಹಳೆಯ ಕ್ವಾಗಾದಿಂದ ಕವಲೊಡೆದು ಬಂದದ್ದು. ವಿಎಂ ಓಡಿಸುವ ಪ್ಲಾಟ್‌ಫಾರ್ಮ್ ಪ್ರಾಕ್ಸ್‌ಮಾಕ್ಸ್ ಕೂಡ ಒಳಗೆ ಇದನ್ನೇ ಬಳಸುತ್ತದೆ. ಹೋಸ್ಟ್‌ನ ಎಎಸ್ 65010, ಎದುರಿನ ರೂಟರ್ 172.16.0.1, ಅದರ ಎಎಸ್ 65001. ಸಾರಬೇಕಾದ್ದು 10.20.5.0/24.

ಮೊದಲು ಡೀಮನ್ಸ್ ಫೈಲ್‌ನಲ್ಲಿ ಬಿಜಿಪಿಡಿ ಮುಂದೆ "ಯೆಸ್" ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಇದನ್ನು ಮರೆತು ಗಂಟೆಗಟ್ಟಲೆ ಕೂತವರಿದ್ದಾರೆ. ಆಮೇಲೆ ಎಫ್‌ಆರ್‌ಆರ್‌ನ ಕಮಾಂಡ್ ಪರದೆ ವಿಟಿವೈಎಸ್‌ಎಚ್ ಒಳಗೆ ಹೋಗಿ ಇಷ್ಟು ಕೊಡಿ:

```
ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ಮವು ಸೀಕ್ 5 ಪರ್ಮಿಟ್ 10.20.0.0/16 ಜಿಇ 24 ಎಲ್ಇ 24
ಐಪಿ ಪ್ರಿಫಿಕ್ಸ್-ಲಿಸ್ಟ್ ಡಿಫಾಲ್ಟ್‌ಮಾತ್ರ ಸೀಕ್ 5 ಪರ್ಮಿಟ್ 0.0.0.0/0
ರೂಟ್-ಮ್ಯಾಪ್ ಹೊರಗೆ ಪರ್ಮಿಟ್ 10
  ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ನಮ್ಮವು
ರೂಟ್-ಮ್ಯಾಪ್ ಒಳಗೆ ಪರ್ಮಿಟ್ 10
  ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ಡಿಫಾಲ್ಟ್‌ಮಾತ್ರ
ರೂಟರ್ ಬಿಜಿಪಿ 65010
  ನೇಬರ್ 172.16.0.1 ರಿಮೋಟ್-ಎಎಸ್ 65001
  ಅಡ್ರೆಸ್-ಫ್ಯಾಮಿಲಿ ಐಪಿವಿ4 ಯೂನಿಕ್ಯಾಸ್ಟ್
    ನೆಟ್‌ವರ್ಕ್ 10.20.5.0/24
    ನೇಬರ್ 172.16.0.1 ರೂಟ್-ಮ್ಯಾಪ್ ಹೊರಗೆ ಔಟ್
    ನೇಬರ್ 172.16.0.1 ರೂಟ್-ಮ್ಯಾಪ್ ಒಳಗೆ ಇನ್
```

ಮೊದಲ ಸಾಲು ಏನು ಹೇಳುತ್ತದೆ ನೋಡಿ: 10.20.0.0/16 ಒಳಗಿನ, ಸರಿಯಾಗಿ /24 ಉದ್ದದ ಯಾವ ಸಬ್‌ನೆಟ್ ಆದರೂ ಹೊರಗೆ ಹೋಗಬಹುದು. ನಾಳೆ 10.20.6.0/24 ಸೇರಿಸಿದರೆ ನೆಟ್‌ವರ್ಕ್ ಸಾಲು ಒಂದೇ ಬರೆದರಾಯಿತು, ಫಿಲ್ಟರ್ ಮುಟ್ಟಬೇಕಿಲ್ಲ. ಯಾರೋ ತಪ್ಪಿ 192.168 ಏನನ್ನಾದರೂ ಸೇರಿಸಿದರೆ ಅದು ಇಲ್ಲೇ ನಿಲ್ಲುತ್ತದೆ. ಜಿಇ, ಎಲ್ಇ (ಕನಿಷ್ಠ, ಗರಿಷ್ಠ ಉದ್ದ ಹೇಳುವ ಪದಗಳು) ಬಿಟ್ಟು ಬರೆದರೆ /16ಕ್ಕೆ ಮಾತ್ರ ಹೊಂದುತ್ತದೆ, /24 ಒಂದೂ ಹೋಗುವುದಿಲ್ಲ. ಕೊನೆಗೆ ಉಳಿಸಲು ರೈಟ್ ಮೆಮೊರಿ ಕೊಡುವುದನ್ನು ಮರೆಯಬೇಡಿ.

ಸೆಷನ್ ಎಸ್ಟಾಬ್ಲಿಷ್ಡ್ ಆಗಿದೆ. ಆದ್ರೆ ಒಂದು ರೂಟೂ ಹೋಗ್ತಿಲ್ಲ. ಯಾಕೆ?

ರೂಟ್ ಒಂದು ಹೊರಗೆ ಹೋಗಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಯಾವುದು ಮುಚ್ಚಿದೆ ಅಂತ ಒಂದೊಂದಾಗಿ ತಟ್ಟಿ ನೋಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ.

ಮೊದಲ ಬಾಗಿಲು ಹೋಸ್ಟ್‌ನ ರೂಟಿಂಗ್ ಟೇಬಲ್. ನೀವು ಬರೆದ 10.20.5.0/24 ಅಲ್ಲಿ ಅದೇ ಮಾಸ್ಕ್‌ನಲ್ಲಿ ಇರಬೇಕು. ಬ್ರಿಡ್ಜ್ (ವಿಎಂಗಳನ್ನು ಜೋಡಿಸುವ ಒಳಗಿನ ಸ್ವಿಚ್) ಮೇಲಿರುವುದು /23 ಆಗಿದ್ದು ನೀವು /24 ಬರೆದಿದ್ದರೆ ಏನೂ ಹೋಗುವುದಿಲ್ಲ, ತಪ್ಪು ಅಂತಲೂ ಯಾರೂ ಹೇಳುವುದಿಲ್ಲ. ಎಫ್‌ಆರ್‌ಆರ್ 7.3ರವರೆಗೆ ಸಾಮಾನ್ಯ ಪ್ರೊಫೈಲ್‌ನಲ್ಲಿ (ಡಿಫಾಲ್ಟ್‌ಗಳ ಒಂದು ಗುಂಪು) ಇದನ್ನು ನೋಡುತ್ತಲೇ ಇರಲಿಲ್ಲ. 7.4ರಿಂದ ನೋಡುತ್ತದೆ. ಹಳೆಯ ಕಾನ್ಫಿಗ್ ಹೊಸ ಆವೃತ್ತಿಯಲ್ಲಿ ಇದ್ದಕ್ಕಿದ್ದಂತೆ ಮೌನವಾದರೆ ಇದನ್ನೇ ಅನುಮಾನಿಸಿ.

ಎರಡನೆಯದು ಬಿಜಿಪಿಯ ಸ್ವಂತ ಟೇಬಲ್. "ಶೋ ಬಿಜಿಪಿ ಐಪಿವಿ4 ಯೂನಿಕ್ಯಾಸ್ಟ್" ಕೊಟ್ಟು ನಿಮ್ಮ ಸಬ್‌ನೆಟ್ ಇದೆಯಾ ನೋಡಿ.

ಮೂರನೆಯದು ಹೊರಹೋಗುವ ಫಿಲ್ಟರ್. ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಬೇರೆ ಎಎಸ್‌ನ ಪೀರ್‌ಗೆ ಯಾವ ಪಾಲಿಸಿಯೂ ಇಲ್ಲದಿದ್ದರೆ ಏನನ್ನೂ ಕಳಿಸಬಾರದು, ಏನನ್ನೂ ತೆಗೆದುಕೊಳ್ಳಬಾರದು ಅಂತ 2017ರ ಆರ್‌ಎಫ್‌ಸಿ 8212 ಹೇಳುತ್ತದೆ. ಎಫ್‌ಆರ್‌ಆರ್ ಅದನ್ನು ಸಾಮಾನ್ಯ ಪ್ರೊಫೈಲ್‌ನಲ್ಲಿ ಪಾಲಿಸುತ್ತದೆ. ಬಿಜಿಪಿಯ ಸಮರಿ (ಪೀರ್‌ಗಳ ಸಾರಾಂಶ) ಪಟ್ಟಿಯಲ್ಲಿ ಸಂಖ್ಯೆ ಇರಬೇಕಾದ ಜಾಗದಲ್ಲಿ "ಪಾಲಿಸಿ" ಅನ್ನುವ ಪದ ಕಂಡರೆ ಕಾರಣ ಇದೇ. ಇದನ್ನು ಆಫ್ ಮಾಡುವ ಒಂದು ಸಾಲು ಎಲ್ಲರೂ ಹೇಳಿಕೊಡುತ್ತಾರೆ. ದಯವಿಟ್ಟು ಆಫ್ ಮಾಡಬೇಡಿ, ಫಿಲ್ಟರ್ ಬರೆಯಿರಿ.

ನಾಲ್ಕನೆಯ ಬಾಗಿಲು ಎದುರಿನವರ ಮನೆಯಲ್ಲಿದೆ. ನಿಮ್ಮ "ಅಡ್ವರ್ಟೈಸ್ಡ್-ರೂಟ್ಸ್" ಪಟ್ಟಿಯಲ್ಲಿ ಸಬ್‌ನೆಟ್ ಇದ್ದರೆ ನಿಮ್ಮ ಕೆಲಸ ಮುಗಿದಿದೆ, ಆ ಕಡೆಯವರಿಗೆ ಫೋನ್ ಮಾಡಿ.

ನೆಟ್‌ವರ್ಕ್ ಸಾಲು ಬರೀಲೋ, ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್ ಹಾಕಿ ಕೈತೊಳೆದುಕೊಳ್ಳಲೋ?

ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್ ಅಂದರೆ ಹೋಸ್ಟ್‌ಗೆ ನೇರ ಜೋಡಿಸಿದ ಸಬ್‌ನೆಟ್‌ಗಳನ್ನೆಲ್ಲ ಸಾರು ಅಂತ. ಹೈಪರ್‌ವೈಸರ್ ಮೇಲೆ ಫಿಲ್ಟರ್ ಇಲ್ಲದೆ ಅದನ್ನು ಹಾಕುವುದು ಅಪಾಯ. ಡಾಕರ್ ಇದ್ದರೆ 172.17.0.0/16 ಅನ್ನುವ ಬ್ರಿಡ್ಜ್ ತಾನಾಗಿ ಹುಟ್ಟಿರುತ್ತದೆ. ಲಿಬ್‌ವರ್ಟ್ ಇದ್ದರೆ 192.168.122.0/24. ಇವು ಎಲ್ಲ ಹೋಸ್ಟ್‌ನಲ್ಲೂ ಒಂದೇ ಸಂಖ್ಯೆ! ಐದು ಹೋಸ್ಟ್ ಒಟ್ಟಿಗೆ "172.17 ನನ್ನ ಹತ್ತಿರ ಇದೆ" ಅಂತ ಕೂಗಿದರೆ ಹೊರಗಿನ ರೂಟರ್ ಪಾಪ ಯಾರನ್ನು ನಂಬಬೇಕು? ಸ್ಟೋರೇಜ್, ಮ್ಯಾನೇಜ್‌ಮೆಂಟ್ ನೆಟ್‌ವರ್ಕ್‌ಗಳೂ ಜೊತೆಗೇ ಹೊರಬೀಳುತ್ತವೆ.

ಸಬ್‌ನೆಟ್‌ಗಳು ದಿನಾ ಹುಟ್ಟಿ ಸಾಯುತ್ತಿದ್ದರೆ ರಿಡಿಸ್ಟ್ರಿಬ್ಯೂಟ್ ಸರಿ, ಆದರೆ ಅದಕ್ಕೊಂದು ರೂಟ್-ಮ್ಯಾಪ್ ಕಟ್ಟಿ. ಕೈಯಲ್ಲಿ ಎಣಿಸುವಷ್ಟೇ ಇದ್ದರೆ ನೆಟ್‌ವರ್ಕ್ ಸಾಲೇ ಚೆನ್ನ. ಇನ್ನೊಂದು ಸಣ್ಣ ವ್ಯತ್ಯಾಸ ಇದೆ: ನೆಟ್‌ವರ್ಕ್ ಸಾಲಿನಿಂದ ಬಂದದ್ದಕ್ಕೆ ಒರಿಜಿನ್ "ಐಜಿಪಿ", ರಿಡಿಸ್ಟ್ರಿಬ್ಯೂಟ್‌ನಿಂದ ಬಂದದ್ದಕ್ಕೆ "ಇನ್‌ಕಂಪ್ಲೀಟ್". ಅದಕ್ಕೂ ಮೊದಲಿನ ಹೋಲಿಕೆಗಳೆಲ್ಲ ಸಮ ಆದರೆ ಮೊದಲನೆಯದೇ ಗೆಲ್ಲುತ್ತದೆ. ಒಂದು ಹೋಸ್ಟ್‌ನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಮಾಡಿದ್ದರೆ ಟ್ರಾಫಿಕ್ ಎಲ್ಲ ಒಂದೇ ಕಡೆ ವಾಲುತ್ತದೆ.

ಫಿಲ್ಟರ್ ಎರಡೂ ಕಡೆ ಬೇಕಾ? ನಾವು ಸರಿಯಾಗಿ ಕಳಿಸಿದ್ರೆ ಸಾಲದಾ?

ಎರಡೂ ಕಡೆ ಬೇಕು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ದೇಶದೊಳಗೆ ಯೂಟ್ಯೂಬ್ ತಡೆಯಲು 208.65.153.0/24 ಅನ್ನುವ ರೂಟ್ ಸಾರಿತು. ಅದು ಒಳಗೇ ಉಳಿಯಲಿಲ್ಲ. ಮೇಲಿನ ಸೇವಾದಾರ ಸಂಸ್ಥೆ ಸೋಸದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ಆಗ ಸಾರುತ್ತಿದ್ದದ್ದು 208.65.152.0/22. ಉದ್ದದ ಪ್ರಿಫಿಕ್ಸ್ (ಗೆರೆಯ ನಂತರದ ಸಂಖ್ಯೆ ದೊಡ್ಡದಿರುವ ಸಬ್‌ನೆಟ್) ಯಾವಾಗಲೂ ಗೆಲ್ಲುತ್ತದೆ, ಹಾಗಾಗಿ /24 ಗೆದ್ದಿತು. ಸುಮಾರು ಎರಡು ಗಂಟೆ ಯೂಟ್ಯೂಬ್ ಪ್ರಪಂಚದ ಬಹುಭಾಗಕ್ಕೆ ಸಿಗಲಿಲ್ಲ.

ನಿಮ್ಮ ಲ್ಯಾಬ್ ವಿಎಂ ತಪ್ಪಿ ಸಾರುವ ಒಂದು /25 ಕೂಡ ನಿಮ್ಮ ಡೇಟಾಬೇಸ್ ಸಬ್‌ನೆಟ್‌ಗೆ ಇದನ್ನೇ ಮಾಡಬಲ್ಲದು. ಕಳಿಸುವವರು ತಮ್ಮದನ್ನಷ್ಟೇ ಕಳಿಸಲಿ, ತೆಗೆದುಕೊಳ್ಳುವವರು ಒಪ್ಪಿದ್ದನ್ನಷ್ಟೇ ತೆಗೆದುಕೊಳ್ಳಲಿ. ಜೊತೆಗೆ ಮ್ಯಾಕ್ಸಿಮಮ್-ಪ್ರಿಫಿಕ್ಸ್ ಮಿತಿ (ಪೀರ್‌ನಿಂದ ಎಷ್ಟು ರೂಟ್ ಒಪ್ಪಬೇಕು ಅನ್ನುವುದು) ಒಂದು ಹಾಕಿಡಿ.

ಒಂದೊಂದೇ /24 ಸಾರಲೋ, ಒಟ್ಟು ಸೇರಿಸಿ /16 ಒಂದೇ ಸಾರಲೋ?

ಸಬ್‌ನೆಟ್‌ಗಳೆಲ್ಲ ಒಂದೇ ಅಂಚಿನ ಹಿಂದೆ ಇದ್ದು, ಅಲ್ಲಿಂದ ಕದಲುವುದಿಲ್ಲ ಅಂದರೆ /16 ಚೆನ್ನ. ಹೊರಗಿನ ಟೇಬಲ್ ಚಿಕ್ಕದಾಗಿರುತ್ತದೆ, ಒಳಗೆ ಸಬ್‌ನೆಟ್ ಬಂದುಹೋದರೂ ಹೊರಗೆ ಗಲಾಟೆ ಇಲ್ಲ.

ಆದರೆ ಒಂದು ಗುಂಡಿ ಇದೆ. 10.20.77.0/24 ಅನ್ನುವುದು ಇಲ್ಲವೇ ಇಲ್ಲ ಅಂದುಕೊಳ್ಳಿ. ಯಾರೋ ಅಲ್ಲಿಗೆ ಪ್ಯಾಕೆಟ್ ಕಳಿಸಿದರು. ನೀವು /16 ಸಾರಿದ್ದರಿಂದ ಅದು ನಿಮ್ಮ ಹತ್ತಿರ ಬರುತ್ತದೆ. ನಿಮ್ಮ ಹತ್ತಿರ ಆ /24 ಇಲ್ಲ, ಡಿಫಾಲ್ಟ್ ರೂಟ್ ಇದೆ. ಅದೇ ದಾರಿಯಲ್ಲಿ ವಾಪಸ್. ಅವರು ಮತ್ತೆ ನಿಮಗೆ. ಟಿಟಿಎಲ್ (ಪ್ರತಿ ರೂಟರ್ ದಾಟಿದಾಗಲೂ ಒಂದು ಇಳಿಯುವ ಪ್ಯಾಕೆಟ್‌ನ ಆಯಸ್ಸು) ಸಾಯುವವರೆಗೂ ಈ ಚೆಂಡಾಟ ನಡೆಯುತ್ತದೆ. ಅದಕ್ಕೇ ಒಟ್ಟು ಸಾರುವವರು 10.20.0.0/16ಕ್ಕೆ ಒಂದು ಬ್ಲ್ಯಾಕ್‌ಹೋಲ್ ಸ್ಟ್ಯಾಟಿಕ್ ರೂಟ್ ಹಾಕಿಕೊಳ್ಳಬೇಕು. ಇರುವ /24ಗಳು ಉದ್ದದವಾದ್ದರಿಂದ ಅವಕ್ಕೆ ತೊಂದರೆ ಇಲ್ಲ. ಇಲ್ಲದ್ದು ಅಲ್ಲೇ ಸಾಯುತ್ತದೆ.

ಐಪಿವಿ6 ಸಬ್‌ನೆಟ್ ಕೂಡ ಇದೇ ಸೆಷನ್‌ನಲ್ಲಿ ಹೋಗುತ್ತಾ?

ಹೋಗುತ್ತದೆ, ಆದರೆ ತಾನಾಗಿ ಅಲ್ಲ. ಐಪಿವಿ6 ಅಡ್ರೆಸ್-ಫ್ಯಾಮಿಲಿ ಒಳಗೆ ಹೋಗಿ ಆ ನೇಬರ್‌ಗೆ "ಆ್ಯಕ್ಟಿವೇಟ್" ಕೊಡಬೇಕು. ಅದರ ಫಿಲ್ಟರ್‌ಗಳೂ ಬೇರೆ. ವಿ4ಗೆ ಬರೆದದ್ದು ಇದಕ್ಕೆ ಅನ್ವಯ ಆಗುವುದಿಲ್ಲ.

## ಒಂದೊಂದು ಪ್ಲಾಟ್‌ಫಾರ್ಮ್‌ನ ಒಂದೊಂದು ಚಾಳಿ

ಪ್ರಾಕ್ಸ್‌ಮಾಕ್ಸ್ ಇವಿಪಿಎನ್ ಝೋನ್‌ನಲ್ಲಿ "ಅಡ್ವರ್ಟೈಸ್ ಸಬ್‌ನೆಟ್ಸ್" ಅಂತ ಒಂದು ಟಿಕ್ ಇದೆ. ಹಾಕ್ಲಾ, ಬೇಡ್ವಾ?

ಇದನ್ನು ಕೇಳದವರೇ ಇಲ್ಲ. ಹೆಸರು ನೋಡಿದರೆ ಹೊರಗಿನ ರೂಟರ್‌ಗೆ ಸಾರುವುದಕ್ಕೆ ಇರಬೇಕು ಅನ್ನಿಸುತ್ತದೆ. ಅದು ಇರುವುದು ಇವಿಪಿಎನ್ (ನೋಡ್‌ಗಳು, ಅಂದರೆ ಗುಂಪಿನ ಹೋಸ್ಟ್‌ಗಳು, ವಿಎಂ ವಿಳಾಸಗಳನ್ನು ಬಿಜಿಪಿಯಲ್ಲಿ ಹಂಚಿಕೊಳ್ಳುವ ವ್ಯವಸ್ಥೆ) ಒಳಗಿನ ಮಾತಿಗೆ.

ಇವಿಪಿಎನ್‌ನಲ್ಲಿ ವಿಎಂ ಬಾಯಿಬಿಟ್ಟರೆ ಮಾತ್ರ ಅದರ ವಿಳಾಸ ಗೊತ್ತಾಗುತ್ತದೆ. ವಿಎಂ ಎಆರ್‌ಪಿ (ಐಪಿಯ ಮ್ಯಾಕ್ ವಿಳಾಸ ಕೇಳುವ ಕೂಗು) ಕಳಿಸುತ್ತದೆ, ಆ ನೋಡ್ ಅದನ್ನು ಕೇಳಿಸಿಕೊಂಡು "ಈ ಐಪಿ ನನ್ನ ಹತ್ತಿರ ಇದೆ" ಅಂತ ಉಳಿದ ನೋಡ್‌ಗಳಿಗೆ ತಿಳಿಸುತ್ತದೆ. ಮಾತೇ ಆಡದ ವಿಎಂಗಳಿರುತ್ತವೆ. ಎರಡನೇ ಐಪಿ ಇಟ್ಟುಕೊಂಡು ಅದರಿಂದ ಎಂದೂ ಪ್ಯಾಕೆಟ್ ಕಳಿಸದವು. ಅಂಥವಕ್ಕೆ ಬೇರೆ ಸಬ್‌ನೆಟ್‌ನಿಂದ ತಲುಪಲು ಆಗುವುದಿಲ್ಲ. ಟಿಕ್ ಹಾಕಿದರೆ ಇಡೀ ಸಬ್‌ನೆಟ್ಟೇ ಇವಿಪಿಎನ್ ಒಳಗೆ ಸಾರಲ್ಪಡುತ್ತದೆ. ಪ್ಯಾಕೆಟ್ ಯಾವುದೋ ಒಂದು ನೋಡ್‌ಗೆ ಬಂದು, ಅಲ್ಲಿಂದ ಎಆರ್‌ಪಿ ಕೂಗಿ, ಮೌನಿ ವಿಎಂ ಸಿಗುತ್ತದೆ. ಇಂಥವು ಇದ್ದರೆ ಟಿಕ್ ಹಾಕಿ.

ಹೊರಗಿನ ರೂಟರ್‌ಗೆ ಹೇಳಬೇಕಾದರೆ ಬೇರೆ ಎರಡು ಬೇಕು: ಝೋನ್‌ಗೆ ಎಕ್ಸಿಟ್ ನೋಡ್ (ಹೊರದಾರಿಯ ನೋಡ್), ಆ ನೋಡ್‌ಗೆ ಒಂದು ಬಿಜಿಪಿ ಕಂಟ್ರೋಲರ್. ಎಫ್‌ಆರ್‌ಆರ್ ಕಾನ್ಫಿಗ್ ಫೈಲನ್ನು ನೇರವಾಗಿ ತಿದ್ದಬೇಡಿ. ಪ್ರಾಕ್ಸ್‌ಮಾಕ್ಸ್‌ನ ಎಸ್‌ಡಿಎನ್ (ವರ್ಚುವಲ್ ನೆಟ್‌ವರ್ಕ್) ಪುಟದಲ್ಲಿ ಅಪ್ಲೈ ಒತ್ತಿದ ತಕ್ಷಣ ಅದು ಹೊಸದಾಗಿ ಬರೆದುಕೊಳ್ಳುತ್ತದೆ, ನಿಮ್ಮ ಸಾಲು ಮಾಯ. ಅದೇ ಹೆಸರಿನ ಕೊನೆಗೆ "ಲೋಕಲ್" ಸೇರಿಸಿದ ಫೈಲ್‌ನಲ್ಲಿ ಬರೆದರೆ ಉಳಿಯುತ್ತದೆ.

ಓಪನ್‌ಸ್ಟ್ಯಾಕ್‌ನಲ್ಲಿ ಸ್ಪೀಕರ್ ಮಾಡಿದೆ, ಪೀರ್ ಸೇರಿಸಿದೆ. ಫ್ಲೋಟಿಂಗ್ ಐಪಿ ಬರುತ್ತೆ, ಟೆನಂಟ್ ಸಬ್‌ನೆಟ್ ಬರಲ್ಲ!

ಅಡ್ರೆಸ್ ಸ್ಕೋಪ್ (ಒಂದೇ ವಿಳಾಸ ಎರಡು ಸಲ ಬಳಕೆಯಾಗದ ವಲಯ) ನೋಡಿ. ಟೆನಂಟ್ (ಕ್ಲೌಡ್ ಬಳಸುವ ಗ್ರಾಹಕ) ಸಬ್‌ನೆಟ್ ಮತ್ತು ಹೊರ ನೆಟ್‌ವರ್ಕ್ ಎರಡೂ ಒಂದೇ ಅಡ್ರೆಸ್ ಸ್ಕೋಪ್‌ನ ಸಬ್‌ನೆಟ್ ಪೂಲ್‌ನಿಂದ ಬಂದಿರಬೇಕು. ನಡುವೆ ರೂಟರ್ ಇರಬೇಕು. ಇಲ್ಲದಿದ್ದರೆ ನ್ಯೂಟ್ರಾನ್ (ಓಪನ್‌ಸ್ಟ್ಯಾಕ್ ಅನ್ನುವ ಕ್ಲೌಡ್ ತಂತ್ರಾಂಶದ ನೆಟ್‌ವರ್ಕ್ ಭಾಗ) ಸಾರುವುದಿಲ್ಲ, ಯಾಕೆಂದರೆ ಬೇರೆ ಬೇರೆ ಟೆನಂಟ್‌ಗಳು ಒಂದೇ 192.168.1.0/24 ಇಟ್ಟುಕೊಂಡಿರಬಹುದು. ಸಬ್‌ನೆಟ್ ಮಾಡುವಾಗ ಪೂಲ್ ಹೇಳದೆ ವಿಳಾಸವನ್ನು ಕೈಯಿಂದ ಕೊಟ್ಟಿದ್ದರೆ ಅದು ಯಾವ ಪೂಲ್‌ಗೂ ಸೇರಿರುವುದಿಲ್ಲ. ಹೊಸದಾಗಿ ಪೂಲ್‌ನಿಂದ ಮಾಡುವುದೇ ಸುಲಭ. ಸ್ಕೋಪ್ ಒಂದೇ ಆದಾಗ ನ್ಯೂಟ್ರಾನ್ ನ್ಯಾಟ್ ಕೂಡ ಮಾಡುವುದಿಲ್ಲ.

ಇನ್ನೊಂದು ವಿಷಯ: ಈ ಸ್ಪೀಕರ್ (ಬಿಜಿಪಿಯಲ್ಲಿ ಸಾರುವ ಭಾಗ) ಹೇಳುತ್ತದೆ, ಕೇಳುವುದಿಲ್ಲ. ಎದುರಿನಿಂದ ಬಂದ ರೂಟ್‌ಗಳನ್ನು ಅದು ನ್ಯೂಟ್ರಾನ್ ರೂಟರ್‌ಗೆ ಹಾಕುವುದಿಲ್ಲ.

ಎನ್‌ಎಸ್‌ಎಕ್ಸ್‌ನಲ್ಲಿ ಸೆಗ್ಮೆಂಟ್ ಮಾಡಿದ್ದೀನಿ, ಟಿಯರ್-0ಗೆ ಬಿಜಿಪಿ ಇದೆ. ಆದ್ರೂ ಹೊರಗೆ ಕಾಣಲ್ಲ.

ಎನ್‌ಎಸ್‌ಎಕ್ಸ್‌ನಲ್ಲಿ (ವಿಎಂವೇರ್‌ನ ವರ್ಚುವಲ್ ನೆಟ್‌ವರ್ಕ್ ತಂತ್ರಾಂಶ) ಟಿಯರ್-1 ಒಳಗಿನ ರೂಟರ್, ಟಿಯರ್-0 ಹೊರ ಅಂಚಿನದು. ಆನ್ ಮಾಡುವ ಗುಂಡಿ ಎರಡು ಕಡೆ ಇದೆ. ಟಿಯರ್-1ರಲ್ಲಿ ರೂಟ್ ಅಡ್ವರ್ಟೈಸ್‌ಮೆಂಟ್ ಕೆಳಗೆ ಕನೆಕ್ಟೆಡ್ ಸೆಗ್ಮೆಂಟ್ಸ್ ಆನ್ ಮಾಡಬೇಕು. ಆಮೇಲೆ ಟಿಯರ್-0ರಲ್ಲಿ ರಿಡಿಸ್ಟ್ರಿಬ್ಯೂಷನ್ ಕೆಳಗೆ ಟಿಯರ್-1 ಸಬ್‌ನೆಟ್‌ಗಳನ್ನು ಆರಿಸಬೇಕು. ಒಂದು ಮಾಡಿ ಇನ್ನೊಂದು ಮರೆಯುವುದು ವಾಡಿಕೆ. ಟಿಯರ್-0ರ ಟೇಬಲ್‌ನಲ್ಲಿ ಸೆಗ್ಮೆಂಟ್ ಕಾಣದಿದ್ದರೆ ತಪ್ಪು ಟಿಯರ್-1ರದ್ದು. ಅಲ್ಲಿ ಕಂಡು ಹೊರಗೆ ಕಾಣದಿದ್ದರೆ ಟಿಯರ್-0ರದ್ದು.

ಕ್ಲೌಡ್‌ನಲ್ಲಿ ಸಬ್‌ನೆಟ್ ಒಂದೊಂದನ್ನೇ ಸಾರೋಕೆ ಆಗುತ್ತಾ?

ಯಾವ ಕ್ಲೌಡ್ ಅನ್ನುವುದರ ಮೇಲಿದೆ. ಗೂಗಲ್‌ನ ಕ್ಲೌಡ್ ರೂಟರ್ ಒಂದೊಂದೇ ಸಬ್‌ನೆಟ್ ಸಾರುತ್ತದೆ. ರೂಟಿಂಗ್ ಮೋಡ್ ರೀಜನಲ್ ಇದ್ದರೆ ಆ ರೀಜನ್‌ನವು ಮಾತ್ರ, ಗ್ಲೋಬಲ್ ಇದ್ದರೆ ಎಲ್ಲ ರೀಜನ್‌ನವು. ವಿಪಿಸಿ (ಕ್ಲೌಡ್ ಒಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್) ಪೀರಿಂಗ್‌ನಿಂದ ಬಂದ ಸಬ್‌ನೆಟ್‌ಗಳು ತಾನಾಗಿ ಹೋಗುವುದಿಲ್ಲ, ಕಸ್ಟಮ್ ಪಟ್ಟಿಯಲ್ಲಿ ಸೇರಿಸಬೇಕು. ಅಮೆಜಾನ್‌ನ ವರ್ಚುವಲ್ ಪ್ರೈವೇಟ್ ಗೇಟ್‌ವೇ ವಿಪಿಸಿಯ ಇಡೀ ವಿಳಾಸ ಸಾಲನ್ನೇ ಸಾರುತ್ತದೆ, ಅಜೂರ್ ಕೂಡ ವಿನೆಟ್‌ನ (ಅಲ್ಲಿನ ಖಾಸಗಿ ನೆಟ್‌ವರ್ಕ್) ಇಡೀ ಸಾಲನ್ನು.

ನಿಮ್ಮ ಕಡೆಯಿಂದ ಅಮೆಜಾನ್‌ಗೆ ಡೈರೆಕ್ಟ್ ಕನೆಕ್ಟ್ ಅನ್ನುವ ಮೀಸಲು ಲೈನ್‌ನ ಪ್ರೈವೇಟ್ ಇಂಟರ್‌ಫೇಸ್ ಮೇಲೆ ಸಾರುವಾಗ 100 ರೂಟ್ ಮಿತಿ ನೆನಪಿರಲಿ. 101ನೆಯದು ಹೋದರೆ ಅದೊಂದನ್ನು ಬಿಟ್ಟುಬಿಡುವುದಿಲ್ಲ, ಸೆಷನ್ನೇ ಬೀಳುತ್ತದೆ. ಹೈಪರ್‌ವೈಸರ್‌ಗಳಿಂದ /24ಗಳು ಸೋಸದೆ ಹರಿದುಬರುವ ಕಡೆ ಇದು ಯಾವತ್ತಾದರೂ ಒಂದು ದಿನ ಆಗಿಯೇ ತೀರುತ್ತದೆ.

ಕುಬರ್ನೆಟಿಸ್ ಪಾಡ್ ಸಬ್‌ನೆಟ್‌ಗಳಿಗೂ ಇದೇ ಲೆಕ್ಕಾನಾ?

ಇದೇ ಲೆಕ್ಕ, ತುಂಡುಗಳು ಚಿಕ್ಕವು. ಪಾಡ್ ಅಂದರೆ ಕುಬರ್ನೆಟಿಸ್ ಓಡಿಸುವ ಕಂಟೇನರ್‌ಗಳ ಚಿಕ್ಕ ಗುಂಪು. ಕ್ಯಾಲಿಕೋ ಡಿಫಾಲ್ಟ್ ಆಗಿ ನೋಡ್‌ಗಳಿಗೆ /26 ಬ್ಲಾಕ್‌ಗಳನ್ನು ಹಂಚಿ ಅವನ್ನು ಸಾರುತ್ತದೆ. ನೋಡ್‌ಗಳು ಒಂದಕ್ಕೊಂದು ಮೆಶ್ ಕಟ್ಟಿಕೊಂಡಿರುತ್ತವೆ. ನೂರರ ಹತ್ತಿರ ಬಂದಾಗ ಮೆಶ್ ಬಿಟ್ಟು ರೂಟ್ ರಿಫ್ಲೆಕ್ಟರ್‌ಗೆ (ಒಬ್ಬರ ರೂಟ್‌ಗಳನ್ನು ಉಳಿದವರಿಗೆ ದಾಟಿಸುವ ನಡುವಿನ ರೂಟರ್) ಹೋಗಿ.

## ಎಲ್ಲ ಸರಿ ಇದ್ದೂ ಕೆಲಸ ಆಗದಾಗ

ರೂಟ್ ಆ ಕಡೆ ಕಾಣ್ತಾ ಇದೆ. ಪಿಂಗ್ ಮಾತ್ರ ಹೋಗ್ತಿಲ್ಲ. ಎಲ್ಲಿ ಹುಡುಕಲಿ?

ಸುದ್ದಿ ತಲುಪಿದೆ, ಪ್ಯಾಕೆಟ್ ತಲುಪಿಲ್ಲ. ಅಥವಾ ಪ್ಯಾಕೆಟ್ ತಲುಪಿದೆ, ಉತ್ತರ ತಲುಪಿಲ್ಲ. ಊಹೆ ಮಾಡಬೇಡಿ, ಟಿಸಿಪಿಡಂಪ್ (ಓಡಾಡುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಿಡಿದು ನಡೆಯಿರಿ. ಹೊರಗಿನಿಂದ ಪಿಂಗ್ ಓಡುತ್ತಿರಲಿ. ಮೊದಲು ಹೋಸ್ಟ್‌ನ ಹೊರ ಪೋರ್ಟ್ ಮೇಲೆ ನೋಡಿ. ಬಂತಾ? ಆಮೇಲೆ ಬ್ರಿಡ್ಜ್ ಮೇಲೆ. ಆಮೇಲೆ ವಿಎಂನ ಟ್ಯಾಪ್ ಇಂಟರ್‌ಫೇಸ್ ಮೇಲೆ. ಆಮೇಲೆ ವಿಎಂ ಒಳಗೆ. ಎಲ್ಲಿ ನಿಂತಿತೋ ಅದಕ್ಕೂ ಅದರ ಹಿಂದಿನದಕ್ಕೂ ನಡುವೆ ಕಳ್ಳ ಇದ್ದಾನೆ.

ಹೊರ ಪೋರ್ಟ್‌ಗೆ ಬಂದು ಬ್ರಿಡ್ಜ್‌ಗೆ ಹೋಗದಿದ್ದರೆ ಐಪಿ ಫಾರ್ವರ್ಡಿಂಗ್ ಆಫ್ ಇರಬಹುದು, ಇಲ್ಲವೇ ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಬಂದ ದಾರಿಯಲ್ಲೇ ಉತ್ತರವೂ ಹೋಗುತ್ತದಾ ಅಂತ ನೋಡುವ ಲಿನಕ್ಸ್ ಕಾವಲು) ಕಟ್ಟುನಿಟ್ಟಾಗಿರಬಹುದು. ಆರ್‌ಪಿ ಫಿಲ್ಟರ್‌ನಲ್ಲಿ ಒಂದು ತಿರುವು ಇದೆ: ಇಂಟರ್‌ಫೇಸ್‌ಗೆ 0 ಕೊಟ್ಟರೂ "ಆಲ್" ಅನ್ನುವುದು 1 ಇದ್ದರೆ 1ರದ್ದೇ ನಡೆಯುತ್ತದೆ, ಎರಡರಲ್ಲಿ ದೊಡ್ಡದನ್ನು ಲಿನಕ್ಸ್ ಹಿಡಿಯುತ್ತದೆ.

ವಿಎಂ ಒಳಗೆ ಪಿಂಗ್ ಬಂದು ಉತ್ತರ ಮಾತ್ರ ಟ್ಯಾಪ್ ಮೇಲೆ ಕಾಣದಿದ್ದರೆ ವಿಎಂಗೆ ಎರಡು ಕಾರ್ಡ್ ಇದೆಯಾ ನೋಡಿ. ಡಿಫಾಲ್ಟ್ ಗೇಟ್‌ವೇ ಇನ್ನೊಂದು ಕಾರ್ಡ್ ಕಡೆ ಇರುತ್ತದೆ, ಉತ್ತರ ಹಿತ್ತಿಲ ಬಾಗಿಲಿನಿಂದ ಹೋಗಿಬಿಟ್ಟಿರುತ್ತದೆ.

ರೂಟರ್ ತಾನೇ ಒಂದು ವಿಎಂ ಆಗಿದ್ದರೆ ಪ್ಲಾಟ್‌ಫಾರ್ಮ್‌ನ ಕಾವಲು ನೋಡಿ. ತನ್ನದಲ್ಲದ ಐಪಿಯಿಂದ ಪ್ಯಾಕೆಟ್ ಕಳಿಸುವ ವಿಎಂ ಕಂಡರೆ ಅದು ತಡೆಯುತ್ತದೆ. ಓಪನ್‌ಸ್ಟ್ಯಾಕ್‌ನಲ್ಲಿ ಆ ಪೋರ್ಟ್‌ಗೆ ಅಲೋಡ್ ಅಡ್ರೆಸ್ ಪೇರ್ಸ್ ಕೊಡಬೇಕು. ಅಮೆಜಾನ್‌ನಲ್ಲಿ ಸೋರ್ಸ್-ಡೆಸ್ಟಿನೇಷನ್ ಚೆಕ್ ತೆಗೆಯಬೇಕು.

ಪಿಂಗ್ ಹೋಗುತ್ತೆ, ಎಸ್‌ಎಸ್‌ಎಚ್ ಕನೆಕ್ಟ್ ಆಗಿ ಹಾಗೇ ನಿಂತುಬಿಡುತ್ತೆ. ರೂಟಿಂಗ್ ತೊಂದರೆನಾ?

ಅಲ್ಲ, ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಇದರ ಹಿಂದೆ ನಾನೇ ಒಂದು ಸಲ ಎರಡು ದಿನ ಅಲೆದಿದ್ದೇನೆ. ಬಿಜಿಪಿ ಹಸಿರು, ಪಿಂಗ್ ಹಸಿರು, ಬ್ಯಾಕಪ್ ಮಾತ್ರ ಶುರುವಾಗಿ ಸೊನ್ನೆಯಲ್ಲೇ ಕೂತಿತ್ತು. ಫಿಲ್ಟರ್‌ಗಳನ್ನೆಲ್ಲ ಮೂರು ಸಲ ತಿದ್ದಿ ಬರೆದೆ. ತಪ್ಪು ಅಲ್ಲಿರಲೇ ಇಲ್ಲ.

ಹೋಸ್ಟ್‌ಗಳ ನಡುವೆ ವಿಎಂ ಪ್ಯಾಕೆಟ್ ಹೊತ್ತೊಯ್ಯುವ ವಿಎಕ್ಸ್‌ಲ್ಯಾನ್ ಸುರಂಗ ಪ್ರತಿ ಪ್ಯಾಕೆಟ್‌ಗೂ 50 ಬೈಟ್ ಹೊದಿಸುತ್ತದೆ: ಹೊರಗಿನ ಐಪಿ 20, ಯುಡಿಪಿ 8, ವಿಎಕ್ಸ್‌ಲ್ಯಾನ್ 8, ಒಳಗಿನ ಈಥರ್ನೆಟ್ 14. ಕೆಳಗಿನ ನೆಟ್‌ವರ್ಕ್ 1500 ಇದ್ದರೆ ವಿಎಂಗೆ ಉಳಿಯುವುದು 1450. ವಿಎಂ 1500 ಅಂದುಕೊಂಡಿದ್ದರೆ ಚಿಕ್ಕ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಬೀಳುತ್ತದೆ. ಪರೀಕ್ಷೆ ಸುಲಭ. ತುಂಡು ಮಾಡಬೇಡ ಅಂತ ಹೇಳಿ 1472 ಗಾತ್ರದ ಪಿಂಗ್ ಕಳಿಸಿ, ಹೆಡರ್ 28 ಸೇರಿ ಅದು 1500. ಹೋಗದಿದ್ದರೆ 1422 ಕಳಿಸಿ. ಇದು ಹೋದರೆ ರೋಗ ಗೊತ್ತಾಯಿತು. ಸಾಧ್ಯವಾದರೆ ಕೆಳಗಿನ ನೆಟ್‌ವರ್ಕ್‌ನ ಎಂಟಿಯು ಏರಿಸಿ, ಆಗದಿದ್ದರೆ ವಿಎಂನದ್ದು ಇಳಿಸಿ.

ಒಎಸ್‌ಪಿಎಫ್ ನೇಬರ್ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಂತಿದೆ.

ಎಕ್ಸ್‌ಸ್ಟಾರ್ಟ್ ಅಂದರೆ ನಕ್ಷೆ ಹಂಚಿಕೊಳ್ಳಲು ಶುರುಮಾಡುವ ಹಂತ. ಹೆಚ್ಚಾಗಿ ಎರಡು ಕಡೆಯ ಎಂಟಿಯು ಬೇರೆ ಬೇರೆ ಇರುತ್ತದೆ. ಸರಿಸಮ ಮಾಡಿ. ಎಂಟಿಯು ಇಗ್ನೋರ್ ಕೊಟ್ಟರೆ ನೇಬರ್ ಏಳುತ್ತದೆ, ಆದರೆ ದೊಡ್ಡ ಪ್ಯಾಕೆಟ್‌ಗಳ ಗೋಳು ಹಾಗೇ ಇರುತ್ತದೆ.

ಲೂಪ್‌ಬ್ಯಾಕ್ ವಿಳಾಸದಿಂದ ಪೀರ್ ಮಾಡಿದೆ, ಸೆಷನ್ ಏಳ್ತಾನೇ ಇಲ್ಲ.

ಬೇರೆ ಎಎಸ್‌ನ ಪೀರ್‌ಗೆ ಬಿಜಿಪಿ ಟಿಟಿಎಲ್ 1ರಲ್ಲಿ ಮಾತಾಡುತ್ತದೆ, ಎದುರಿನವರು ನೇರ ಜೋಡಣೆಯಲ್ಲೇ ಇರಬೇಕು ಅಂತ ಅದರ ನಂಬಿಕೆ. ಎರಡೂ ಕಡೆ ಇಬಿಜಿಪಿ-ಮಲ್ಟಿಹಾಪ್ ಮತ್ತು ಅಪ್‌ಡೇಟ್-ಸೋರ್ಸ್ ಕೊಡಿ. ಲೂಪ್‌ಬ್ಯಾಕ್‌ಗೆ (ಯಾವ ಪೋರ್ಟ್‌ಗೂ ಅಂಟದ ರೂಟರ್‌ನ ಸ್ವಂತ ವಿಳಾಸ) ಹೋಗುವ ದಾರಿ ಮೊದಲೇ ಗೊತ್ತಿರಬೇಕು ಅನ್ನುವುದೂ ಸೇರಿಕೊಂಡಿದೆ.

## ಇನ್ನೂ ಆಳಕ್ಕೆ

ಟೈಪ್ 2, ಟೈಪ್ 5 ಅಂತಾರಲ್ಲ, ಸಬ್‌ನೆಟ್ ಸಾರೋದು ಯಾವುದು?

ಇವು ಇವಿಪಿಎನ್‌ನ ರೂಟ್ ಬಗೆಗಳು. ಸಬ್‌ನೆಟ್ ಸಾರುವುದು ಟೈಪ್ 5. ಟೈಪ್ 2 ಒಬ್ಬೊಬ್ಬರ ಹೆಸರು ಹೇಳುತ್ತದೆ: ಈ ಮ್ಯಾಕ್, ಈ ಐಪಿ, ಇಂಥ ನೋಡ್‌ನಲ್ಲಿ. ಅದು 2015ರ ಆರ್‌ಎಫ್‌ಸಿ 7432ರಲ್ಲೇ ಇತ್ತು. ಟೈಪ್ 5 ಬೀದಿಯ ಹೆಸರು ಹೇಳುತ್ತದೆ, ಇಡೀ ಪ್ರಿಫಿಕ್ಸ್. ಅದರ ಆರ್‌ಎಫ್‌ಸಿ 9136 ಬಂದದ್ದು 2021ರಲ್ಲಿ. ಎರಡೂ ಇದ್ದಾಗ ಉದ್ದದ ಪ್ರಿಫಿಕ್ಸ್ ನಿಯಮವೇ ನಡೆಯುತ್ತದೆ. ವಿಎಂನ /32 ಗೊತ್ತಿದ್ದರೆ ಪ್ಯಾಕೆಟ್ ನೇರ ಅದರ ನೋಡ್‌ಗೆ, ಇಲ್ಲದಿದ್ದರೆ ಸಬ್‌ನೆಟ್ ಸಾರಿದ ಯಾವುದಾದರೂ ನೋಡ್‌ಗೆ. ಹೊರಗಿನ ರೂಟರ್‌ಗೆ /32ಗಳನ್ನು ದಾಟಿಸಬೇಡಿ, ವಿಎಂ ಮೈಗ್ರೇಟ್ ಆದಾಗಲೆಲ್ಲ ಅದರ ಟೇಬಲ್ ಅಲ್ಲಾಡುತ್ತದೆ.

ಎಕ್ಸಿಟ್ ನೋಡ್ ಎರಡು ಇಟ್ಟ ಮೇಲೆ ಕೆಲವು ಕನೆಕ್ಷನ್ ಮಾತ್ರ ಕಟ್ ಆಗ್ತಿವೆ.

ಎರಡೂ ನೋಡ್ ಒಂದೇ ಸಬ್‌ನೆಟ್ ಸಾರುತ್ತಿವೆ. ಪ್ಯಾಕೆಟ್ ಒಂದರಿಂದ ಒಳಬಂದು ಉತ್ತರ ಇನ್ನೊಂದರಿಂದ ಹೊರಹೋಗುತ್ತಿದೆ. ರೂಟಿಂಗ್‌ಗೆ ಇದರಲ್ಲಿ ತಪ್ಪೇನೂ ಇಲ್ಲ. ಸ್ಥಿತಿ ನೆನಪಿಡುವ ಫೈರ್‌ವಾಲ್‌ಗೆ ತಪ್ಪು: ಎರಡನೇ ನೋಡ್ ಆ ಕನೆಕ್ಷನ್ ಹುಟ್ಟಿದ್ದನ್ನೇ ನೋಡಿಲ್ಲ, ಹಾಗಾಗಿ ಬಿಸಾಡುತ್ತದೆ. ಕಟ್ಟುನಿಟ್ಟಿನ ಆರ್‌ಪಿ ಫಿಲ್ಟರ್ ಕೂಡ ಇದನ್ನೇ ಮಾಡುತ್ತದೆ.

ಆ ನೋಡ್‌ಗಳಲ್ಲಿ ಫೈರ್‌ವಾಲ್ ಬೇಕೇ ಬೇಕು ಅಂದರೆ ಒಂದನ್ನು ಮುಖ್ಯ ಮಾಡಿ. ಎರಡನೆಯದು ಸಾರುವಾಗ ಎಎಸ್-ಪಾತ್ ಪ್ರಿಪೆಂಡ್ ಮಾಡಿ (ತನ್ನ ಎಎಸ್ ನಂಬರನ್ನೇ ಮತ್ತೆ ಮತ್ತೆ ಸೇರಿಸಿ) ಉದ್ದದ ದಾರಿ ಅನ್ನಿಸಲಿ. ಒಳಗಿನಿಂದ ಹೊರಹೋಗುವ ದಾರಿಯನ್ನೂ ಮೊದಲನೆಯದಕ್ಕೇ ತಿರುಗಿಸಿ. ಒಂದು ದಿಕ್ಕು ಮಾತ್ರ ಸರಿಮಾಡಿ ಕೈಬಿಡುವುದೇ ಇಲ್ಲಿನ ಮಾಮೂಲಿ ತಪ್ಪು.

ಎರಡು ಸೈಟ್‌ಗೂ ಒಂದೇ ಎಎಸ್ ಕೊಟ್ಟಿದ್ದೀವಿ. ಒಂದರ ಸಬ್‌ನೆಟ್ ಇನ್ನೊಂದಕ್ಕೆ ಕಾಣಲ್ಲ.

ಬಂದ ರೂಟ್‌ನ ಪಾತ್‌ನಲ್ಲಿ ತನ್ನದೇ ಎಎಸ್ ಕಂಡರೆ ಬಿಜಿಪಿ ಅದನ್ನು ಲೂಪ್ ಅಂದುಕೊಂಡು ಎಸೆಯುತ್ತದೆ. ಅಲೋಎಎಸ್-ಇನ್ ಕೊಟ್ಟರೆ ಒಪ್ಪುತ್ತದೆ. ನಡುವಿನ ರೂಟರ್ ಎಎಸ್-ಓವರ್‌ರೈಡ್ ಮಾಡಿದರೂ ಆಯಿತು. ನಾನಾದರೆ ಎರಡನೇ ಸೈಟ್‌ಗೆ ಬೇರೆ ಎಎಸ್ ಕೊಡುತ್ತೇನೆ. ಖಾಸಗಿ ನಂಬರ್‌ಗಳಿಗೇನು ಬರವೇ?

ಹೋಸ್ಟ್ ಸತ್ತ ಮೇಲೆ ಮೂರು ನಿಮಿಷ ಟ್ರಾಫಿಕ್ ಹಾಳಾಗುತ್ತೆ. ಬೇಗ ಮಾಡೋಕಾಗಲ್ವಾ?

ಆ ಮೂರು ನಿಮಿಷ ಹೋಲ್ಡ್ ಟೈಮ್, ಎದುರಿನವರು ಮೌನವಾದರೆ ಬಿಜಿಪಿ ಕಾಯುವ ಹೊತ್ತು. ಎಫ್‌ಆರ್‌ಆರ್‌ನ ಸಾಮಾನ್ಯ ಪ್ರೊಫೈಲ್‌ನಲ್ಲಿ ಅದು 180 ಸೆಕೆಂಡ್, ಡೇಟಾ ಸೆಂಟರ್ ಪ್ರೊಫೈಲ್‌ನಲ್ಲಿ 9. ಇನ್ನೂ ಬೇಗ ಬೇಕಾದರೆ ಬಿಎಫ್‌ಡಿ, ಎದುರಿನವರು ಬದುಕಿದ್ದಾರಾ ಅಂತ ಪದೇ ಪದೇ ತಟ್ಟಿ ನೋಡುವ ಪ್ರೋಟೋಕಾಲ್. ಎಫ್‌ಆರ್‌ಆರ್ ಡಿಫಾಲ್ಟ್‌ನಲ್ಲಿ 300 ಮಿಲಿಸೆಕೆಂಡ್‌ಗೊಂದು ಪ್ಯಾಕೆಟ್, ಮೂರು ತಪ್ಪಿದರೆ ಸತ್ತಂತೆ. ಒಂದು ಸೆಕೆಂಡ್‌ಗೂ ಕಡಿಮೆ.

ಆದರೆ ರೂಟರ್ ವಿಎಂ ಒಳಗೆ ಓಡುತ್ತಿದ್ದರೆ ಇಷ್ಟು ಬಿಗಿ ಬೇಡ. ಸ್ನ್ಯಾಪ್‌ಶಾಟ್ ತೆಗೆಯುವಾಗ, ಲೈವ್ ಮೈಗ್ರೇಷನ್‌ನ ಕೊನೇ ಕ್ಷಣದಲ್ಲಿ ವಿಎಂ ಸ್ವಲ್ಪ ಹೊತ್ತು ಉಸಿರು ಹಿಡಿದಿರುತ್ತದೆ. ಬಿಎಫ್‌ಡಿಗೆ ಅದು ಸಾವಿನ ಹಾಗೆ ಕಾಣುತ್ತದೆ. ಅಲ್ಲಿ ಒಂದು ಸೆಕೆಂಡ್‌ಗೊಂದು ಪ್ಯಾಕೆಟ್ ಇಟ್ಟು, ಮೂರು ಸಲ ತಪ್ಪಿದರೆ ಕೈಬಿಡುವಂತೆ ಮಾಡಿ.

ಪ್ರೊಡಕ್ಷನ್‌ಗೆ ಹಾಕೋ ಮುಂಚೆ ಪರೀಕ್ಷೆ ಹೇಗೆ ಮಾಡ್ಲಿ?

ಒಂದೇ ಲಿನಕ್ಸ್ ಮೆಷಿನ್ ಸಾಕು. ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿ ವೆತ್ ಜೋಡಿಗಳಿಂದ ಕಟ್ಟಿ, ಒಂದೊಂದರಲ್ಲೂ ಎಫ್‌ಆರ್‌ಆರ್ ಓಡಿಸಿ. ಒಂದು ಹೋಸ್ಟ್, ಒಂದು ಹೊರಗಿನ ರೂಟರ್, ಒಂದು ದೂರದ ಗ್ರಾಹಕ. ಸಬ್‌ನೆಟ್ ಹೋಯಿತಾ ಅಂತ ಎಲ್ಲರೂ ನೋಡುತ್ತಾರೆ. ವಾಪಸ್ ತೆಗೆದಾಗ ಹೋಗುತ್ತದಾ ಅಂತಲೂ ನೋಡಿ. ನೆಟ್‌ವರ್ಕ್ ಸಾಲು ಅಳಿಸಿ, ದೂರದವರ ಟೇಬಲ್‌ನಿಂದ ರೂಟ್ ಮಾಯವಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿ. ಆಮೇಲೆ ಬೇಕಂತಲೇ 192.168.122.0/24 ಸಾರಲು ನೋಡಿ. ಅದು ದೂರದವರ ಟೇಬಲ್‌ನಲ್ಲಿ ಕಂಡರೆ ಫಿಲ್ಟರ್ ಬರೆಯುವುದು ಇನ್ನೂ ಬಾಕಿ ಇದೆ.